ಬ್ಲೇಡ್ ಸರ್ವರ್‌ಗೆ ಮಲೆನಾಡಿನ ತಂಪು ಸಾಲದೇ?

ಪ್ರಶ್ನೆ: ಮಾನ್ಯರೇ, ನಮ್ಮ ಕಾಲೇಜಿಗೆ ಹಳೆಯ ವಿದ್ಯಾರ್ಥಿಯೊಬ್ಬರು ಬೆಂಗಳೂರಿನ ಕಚೇರಿಯೊಂದು ಬಳಸಿಬಿಟ್ಟ ಬ್ಲೇಡ್ ಸರ್ವರ್ (ಬ್ಲೇಡ್ ಎಂಬ ತೆಳು ಕಂಪ್ಯೂಟರ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಸಾಲಾಗಿ ಕೂರಿಸುವ ಯಂತ್ರ) ಕೊಡಿಸಿದ್ದಾರೆ. ಹದಿನಾರು ಬ್ಲೇಡ್ ಹಿಡಿಸುವ ಚಾಸಿಯಲ್ಲಿ, ಅಂದರೆ ಆ ಪೆಟ್ಟಿಗೆಯಲ್ಲಿ, ಈಗ ಎಂಟು ಇವೆ. ಹಿಂಬದಿಯಲ್ಲಿ ಆರು ಪವರ್ ಸಪ್ಲೈಗಳಿವೆ. ಇಡಲು ಯೋಚಿಸಿರುವುದು ಮಹಡಿಯ ಮೇಲಿನ ಹಲಗೆ ನೆಲದ ಕೋಣೆಯಲ್ಲಿ. ಅಲ್ಲಿ 16 ಆಂಪಿಯರ್‌ನ ಒಂದು ಸಾಕೆಟ್ ಇದೆ. ನಮ್ಮೂರು ತಂಪು, ಎ.ಸಿ. ಬದಲು ಕಿಟಕಿ ತೆರೆದಿಟ್ಟರೆ ಸಾಲದೇ?
— ಒಬ್ಬ ಉಪನ್ಯಾಸಕರು, ಚಿಕ್ಕಮಗಳೂರು

ಉತ್ತರ: ಕಿಟಕಿಯ ಮಾತನ್ನೇ ಮೊದಲು ಮುಗಿಸೋಣ: ಸಾಲದು. ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಆಶ್ರೇ (ASHRAE) ಸಂಸ್ಥೆಯ ಮಾರ್ಗಸೂಚಿಯಂತೆ ಸರ್ವರ್‌ನ ಮುಂಭಾಗದಿಂದ ಒಳಹೋಗುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್‌ನೊಳಗಿದ್ದು, ಅದರ ಇಬ್ಬನಿ ಬಿಂದು (ಗಾಳಿಯ ತೇವ ನೀರಹನಿಯಾಗತೊಡಗುವ ತಾಪಮಾನ) 15 ಡಿಗ್ರಿ ಮೀರದಿರುವುದು ಒಳ್ಳೆಯದು. ಮುಂಗಾರಿನಲ್ಲಿ ನಿಮ್ಮ ಗಾಳಿ ತಂಪಾಗಿದ್ದರೂ ತೇವದಲ್ಲಿ ಈ ಮಿತಿ ದಾಟಿರುತ್ತದೆ; ಬೇಸಿಗೆಯಲ್ಲಿ ಅದೇ ಕಿಟಕಿಯಿಂದ ಧೂಳು ಬರುತ್ತದೆ. ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಸಾವಿರ ಮೀಟರಿಗೂ ಎತ್ತರದ ಊರಿನಲ್ಲಿ ಗಾಳಿ ತೆಳುವಾಗಿರುವುದರಿಂದ ಫ್ಯಾನ್ ಅದೇ ವೇಗದಲ್ಲಿ ತಿರುಗಿದರೂ ಹೊತ್ತೊಯ್ಯುವ ಶಾಖ ಕಡಿಮೆ. ಕೆಲವು ತಯಾರಕರು ಸಮುದ್ರಮಟ್ಟದಿಂದ ಪ್ರತಿ 305 ಮೀಟರಿಗೆ ಒಂದು ಡಿಗ್ರಿಯಂತೆ ಗರಿಷ್ಠ ತಾಪಮಾನವನ್ನು ಇಳಿಸುತ್ತಾರೆ. ಆ ಲೆಕ್ಕದಲ್ಲಿ 35 ಡಿಗ್ರಿ ತಾಳುವ ಯಂತ್ರಕ್ಕೆ ಚಿಕ್ಕಮಗಳೂರಿನಲ್ಲಿ 31–32ರ ಆಸುಪಾಸೇ ಅಂಚು.

ಈಗ ವಿದ್ಯುತ್ತು. ಆರು ಪವರ್ ಸಪ್ಲೈಗಳ ಮೇಲೆ ಬರೆದಿರುವ ವ್ಯಾಟ್‌ಗಳನ್ನು ಕೂಡಿಸಿ ಗಾಬರಿಯಾಗಬೇಡಿ. ಅವುಗಳಲ್ಲಿ ಅರ್ಧ, ಉಳಿದರ್ಧ ಕೈಕೊಟ್ಟಾಗ ಭಾರ ಹೊರಲೆಂದೇ ಇರುವಂಥವು. ದುಡಿಯುವ ಬ್ಲೇಡ್ ಒಂದಕ್ಕೆ 300 ವ್ಯಾಟ್ ಹಿಡಿದು, ಫ್ಯಾನ್ ಮತ್ತು ಸ್ವಿಚ್‌ಗಳಿಗೆ 600 ಸೇರಿಸಿದರೆ ನಿಮ್ಮ ಎಂಟಕ್ಕೆ ಸುಮಾರು 3 ಕಿಲೋವ್ಯಾಟ್, ಅಂದರೆ 230 ವೋಲ್ಟ್‌ನಲ್ಲಿ 13 ಆಂಪಿಯರ್. ಹಗಲೂ ರಾತ್ರಿ ಇಷ್ಟನ್ನು ಒಂದೇ ಸಾಕೆಟ್‌ನಿಂದ ಎಳೆಯಬಾರದು. ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ 32 ಆಂಪಿಯರ್‌ನ ಎರಡು ಪ್ರತ್ಯೇಕ ಲೈನ್ ಎಳೆಸಿ, ತಲಾ ಒಂದು ಎಂಸಿಬಿ (ಭಾರ ಹೆಚ್ಚಾದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಹಾಕಿಸಿ, ಒಂದೊಂದಕ್ಕೆ ಮೂರು ಪವರ್ ಸಪ್ಲೈ ಕೊಡಿ. ಯಾವುದೇ ಒಂದು ಲೈನ್ ಪೂರ್ತಿ ಭಾರವನ್ನು ಹೊರುವಂತಿರಬೇಕು. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ನೆಲಕ್ಕೆ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದ್ದರೆ, ಹಲವು ಪವರ್ ಸಪ್ಲೈಗಳ ಸಣ್ಣ ಸೋರಿಕೆಗಳು ಕೂಡಿ ಕಾರಣವಿಲ್ಲದೆ ಟ್ರಿಪ್ ಆದಂತೆ ಕಾಣುತ್ತದೆ. ಎಲೆಕ್ಟ್ರಿಷಿಯನ್‌ಗೆ ಇದನ್ನು ಮೊದಲೇ ಹೇಳಿ. ಕಾಲೇಜಿಗೆ ಮಂಜೂರಾದ ಲೋಡ್ ಸಾಲದಿದ್ದರೆ ನಿಮ್ಮ ಕಡೆಯ ವಿದ್ಯುತ್ ಸರಬರಾಜು ಕಂಪನಿ ಮೆಸ್ಕಾಂಗೆ ಅರ್ಜಿ ಕೊಡಬೇಕಾದೀತು.

ಒಳಬಂದ ವಿದ್ಯುತ್ತೆಲ್ಲ ಶಾಖವಾಗಿಯೇ ಹೊರಬರುತ್ತದೆ. ಒಂದು ಟನ್ ಎ.ಸಿ. ಎಂದರೆ 3.5 ಕಿಲೋವ್ಯಾಟ್ ಶಾಖ, ಹಾಗಾಗಿ ಲೆಕ್ಕಕ್ಕೆ ಒಂದು ಟನ್ ಸಾಕು. ಆದರೆ ಮನೆಬಳಕೆಯ ಎ.ಸಿ. ಬಿಡುವಿಲ್ಲದೆ ಓಡಲು ಮಾಡಿದ್ದಲ್ಲ. ಒಂದೂವರೆ ಟನ್ನಿನ ಎರಡನ್ನು ಹಾಕಿಸಿ ಸರದಿಯಂತೆ ಓಡಿಸಿ. ಕರೆಂಟು ಬಂದಾಗ ತಾವಾಗಿಯೇ ಶುರುವಾಗುವ ಎ.ಸಿ.ಗಳೇ ಇರಲಿ, ಜನರೇಟರ್ ಅವುಗಳ ಭಾರವನ್ನೂ ಹೊರಲಿ. ಯುಪಿಎಸ್ ಮೇಲೆ ಸರ್ವರ್ ಮಾತ್ರ ಓಡುತ್ತಿದ್ದು ಎ.ಸಿ. ನಿಂತರೆ ಸಣ್ಣ ಕೋಣೆ ಕೆಲವೇ ನಿಮಿಷಗಳಲ್ಲಿ ಕಾಯುತ್ತದೆ.

ಹಲಗೆಯ ಮಹಡಿಯನ್ನು ಮರೆತುಬಿಡಿ. ತುಂಬಿದ ಚಾಸಿಯೊಂದೇ 200 ಕಿಲೋ ಆಸುಪಾಸು ತೂಗುತ್ತದೆ, ಯುಪಿಎಸ್ ಬ್ಯಾಟರಿಗಳ ಭಾರ ಬೇರೆ. ನೆಲಮಹಡಿಯಲ್ಲಿ, ಬ್ಲೇಡ್ ಮತ್ತು ಪವರ್ ಸಪ್ಲೈಗಳನ್ನು ಕಳಚಿಟ್ಟು, ಖಾಲಿ ಚಾಸಿಯನ್ನು ರ್‍ಯಾಕ್‌ನ (ಸರ್ವರ್ ಇಡುವ ಕಬ್ಬಿಣದ ಕಪಾಟಿನ) ಕೆಳಭಾಗಕ್ಕೆ ಕೂರಿಸಿ. ರ್‍ಯಾಕ್‌ಗೆ ಗಾಜಿನ ಬಾಗಿಲಿದ್ದರೆ ತೆಗೆಸಿ, ಜಾಲರಿಯದು ಹಾಕಿಸಿ. ಖಾಲಿ ಇರುವ ಎಂಟು ಸ್ಲಾಟುಗಳಿಗೆ ತಯಾರಕರ ಖಾಲಿ ಮುಚ್ಚಳಗಳನ್ನು ತಪ್ಪದೆ ಹಾಕಿ. ಇಲ್ಲದಿದ್ದರೆ ಗಾಳಿ ಅಡ್ಡಿಯಿಲ್ಲದ ಆ ದಾರಿಯಲ್ಲೇ ನುಗ್ಗಿ, ಪಕ್ಕದಲ್ಲಿ ದುಡಿಯುತ್ತಿರುವ ಬ್ಲೇಡುಗಳು ಕಾಯುತ್ತವೆ.