ಸ್ರಾವ್ ಕಂಡರೆ ಉಸಿರು ಬಿಡಿ

ಪ್ರಶ್ನೆ: ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಕಲಿತು ಓಪನ್ ವಾಟರ್ ಕಾರ್ಡ್ (ಡೈವಿಂಗಿನ ಆರಂಭದ ಹಂತದ ಅರ್ಹತಾಪತ್ರ) ಪಡೆದಿದ್ದೇನೆ. ಜನವರಿಯಲ್ಲಿ ಲಕ್ಷದ್ವೀಪಕ್ಕೆ ಹೋಗಬೇಕೆಂದಿದೆ. ಅಲ್ಲಿ ಶಾರ್ಕ್, ಅಂದರೆ ನಮ್ಮ ಕಡೆಯ ಸ್ರಾವ್, ಕಾಣಸಿಗುತ್ತದಂತೆ. ನೆನೆದರೇ ಎದೆ ಡವಗುಟ್ಟುತ್ತದೆ. ಕಳೆದ ಸಲ ದೊಡ್ಡದೊಂದು ಬರಾಕುಡಾ ಕಂಡದ್ದಕ್ಕೇ ನನ್ನ ಸಿಲಿಂಡರ್ ಎಲ್ಲರಿಗಿಂತ ಮೊದಲು ಖಾಲಿಯಾಯಿತು. ಏನು ಮಾಡಲಿ?
– ಓದುಗರು, ಕುಂಬಳೆ

ಉತ್ತರ: ನೀವು ಹೆದರಬೇಕಾದದ್ದು ಆ ಖಾಲಿ ಸಿಲಿಂಡರಿಗೆ, ಮೀನಿಗಲ್ಲ. ಲೆಕ್ಕ ಹಾಕಿ ನೋಡಿ. 12 ಲೀಟರ್ ಸಿಲಿಂಡರಿನಲ್ಲಿ 200 ಬಾರ್ (ಬಾರ್ ಒತ್ತಡದ ಅಳತೆ) ಎಂದರೆ 2,400 ಲೀಟರ್ ಗಾಳಿ. 50 ಬಾರ್ ಮೀಸಲಿಟ್ಟರೆ ಉಳಿಯುವುದು 1,800 ಲೀಟರ್. ನೆಮ್ಮದಿಯಾಗಿರುವವರಿಗೆ ಮೇಲ್ಮೈಯಲ್ಲಿ ನಿಮಿಷಕ್ಕೆ ಸುಮಾರು 20 ಲೀಟರ್ ಸಾಕು. 18 ಮೀಟರ್ ಆಳದಲ್ಲಿ ಒತ್ತಡ 2.8 ಪಟ್ಟು, ಹಾಗಾಗಿ ಅಲ್ಲಿ 56 ಲೀಟರ್ ಬೇಕು. ಗಾಳಿ 32 ನಿಮಿಷ ಬರುತ್ತದೆ. ಹೆದರಿ ಎರಡು ಪಟ್ಟು ಎಳೆದರೆ ಅದೇ ಗಾಳಿ 16 ನಿಮಿಷಕ್ಕೆ ಮುಗಿಯಿತು.

ಅಷ್ಟೇ ಆಗಿದ್ದರೆ ಬೇಗ ಮೇಲೆ ಬಂದು ದೋಣಿಯಲ್ಲಿ ಕುಳಿತರಾಯಿತು. ಆದರೆ ಗಾಬರಿಯ ಉಸಿರು ಬರೀ ಎದೆಯ ಮೇಲ್ಭಾಗದ್ದು. ಒಳಗೆ ಎಳೆಯುತ್ತೀರಿ, ಪೂರ್ತಿ ಬಿಡುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಮೈಯಲ್ಲೇ ಉಳಿಯುತ್ತದೆ. ಅದು ಹೆಚ್ಚಿದಷ್ಟೂ ‘ಗಾಳಿ ಸಾಲುತ್ತಿಲ್ಲ’ ಅನಿಸುತ್ತದೆ, ಇನ್ನೂ ಜೋರಾಗಿ ಎಳೆಯುತ್ತೀರಿ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಸರಿಯಾಗಿಯೇ ಇದ್ದರೂ ಅದನ್ನು ಬಾಯಿಂದ ಕಿತ್ತೆಸೆದು ಮೇಲಕ್ಕೆ ಚಿಮ್ಮುವವರು ಇರುವುದು ಇದೇ ಕಾರಣಕ್ಕೆ. ಉಸಿರು ಹಿಡಿದು ಹಾಗೆ ಚಿಮ್ಮಿದರೆ, 10 ಮೀಟರಿನಲ್ಲಿ ಶ್ವಾಸಕೋಶದಲ್ಲಿದ್ದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗಲು ನೋಡುತ್ತದೆ. ಶ್ವಾಸಕೋಶ ಹರಿಯಲು ಒಂದೆರಡು ಮೀಟರ್ ಏರಿದರೂ ಸಾಕಾಗಬಹುದು.

ಹಾಗಾಗಿ ಕಲಿಯಬೇಕಾದದ್ದು ಬಿಡುವ ಉಸಿರು. ನಾಲ್ಕು ಎಣಿಸುತ್ತ ಎಳೆಯಿರಿ, ಎಂಟು ಎಣಿಸುತ್ತ ಬಿಡಿ, ನಡುವೆ ತಡೆಹಿಡಿಯಬೇಡಿ. ಇದನ್ನು ಮನೆಯಲ್ಲೇ, ಶಾರ್ಕ್‌ಗಳ ವಿಡಿಯೊ ಹಚ್ಚಿಟ್ಟುಕೊಂಡು, ದಿನಕ್ಕೆ ಹತ್ತು ನಿಮಿಷ ಮಾಡಿ. ಮೊದಲ ವಾರ ಮಲಗಿದ ಶಾರ್ಕ್, ಆಮೇಲೆ ಎದುರಿಗೆ ಬರುವ ಶಾರ್ಕ್. ಭಯಾನಕ ಸಂಗೀತದ ಸಿನಿಮಾ ತುಣುಕು ಬೇಡ, ಅದು ಕಲಿಸುವುದು ಉಲ್ಟಾ ಪಾಠವನ್ನು. ಲಕ್ಷದ್ವೀಪಕ್ಕೆ ಮೊದಲು ನೇತ್ರಾಣಿಯಲ್ಲೇ 8–10 ಮೀಟರಿನಲ್ಲಿ ಎರಡು ಡೈವ್ ಮಾಡಿ, ಮಾಸ್ಕಿಗೆ ನೀರು ತುಂಬಿಸಿ ತೆಗೆಯುವುದು ಅಭ್ಯಾಸವಾಗಲಿ. ಮಾಸ್ಕಿಗೆ ನೀರು ಬಂದರೇ ತಬ್ಬಿಬ್ಬಾಗುವವರು ಶಾರ್ಕಿನ ಎದುರು ನಿಲ್ಲುವುದು ಕಷ್ಟ.

ಲಕ್ಷದ್ವೀಪದ ಬಂಡೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ವೈಟ್‌ಟಿಪ್, ಬ್ಲ್ಯಾಕ್‌ಟಿಪ್ ಮತ್ತು ಗ್ರೇ ರೀಫ್ ಶಾರ್ಕ್‌ಗಳು. ವೈಟ್‌ಟಿಪ್ ಹಗಲಲ್ಲಿ ಮರಳಿನ ಮೇಲೆ ಸುಮ್ಮನೆ ಬಿದ್ದಿರುತ್ತದೆ. ನೀರಿನಲ್ಲಿ ಮಾಸ್ಕ್ ಮೂಲಕ ಎಲ್ಲವೂ ಮೂರನೆಯ ಒಂದು ಪಾಲು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತವೆ. ಒಂದೂವರೆ ಮೀಟರಿನ ಮೀನು ಎರಡು ಮೀಟರ್ ಅನಿಸುತ್ತದೆ, ಇದು ನೆನಪಿರಲಿ.

ಕಂಡಾಗ: ಕೈಕಾಲು ಬಡಿಯುವುದು ನಿಲ್ಲಿಸಿ. ಜೊತೆಗಾರನ ಪಕ್ಕಕ್ಕೆ ಹೋಗಿ ಬೆನ್ನಿಗೆ ಬಂಡೆ ಸಿಗುವಂತೆ ನಿಲ್ಲಿ, ಅಂಗೈಯನ್ನು ಈಜುರೆಕ್ಕೆಯಂತೆ ಹಣೆಗೆ ನೆಟ್ಟು ಅವರಿಗೆ ತೋರಿಸಿ, ಅದು ‘ಶಾರ್ಕ್ ಇದೆ’ ಎಂಬ ಸನ್ನೆ. ಶಾರ್ಕಿನ ಕಡೆಯೇ ನೋಡುತ್ತಿರಿ, ಆದರೆ ಅದರ ದಾರಿಗೆ ಅಡ್ಡ ನಿಲ್ಲಬೇಡಿ, ಬಂಡೆಯ ಮೂಲೆಗೆ ಒತ್ತರಿಸಬೇಡಿ. ಗ್ರೇ ರೀಫ್ ಶಾರ್ಕ್ ಬೆನ್ನು ಬಾಗಿಸಿ, ಮೂತಿ ಎತ್ತಿ, ಎದೆಯ ರೆಕ್ಕೆಗಳನ್ನು ಕೆಳಕ್ಕೆ ಇಳಿಸಿ ಮೈ ಹೊರಳಿಸುತ್ತ ಈಜಿದರೆ ‘ಹತ್ತಿರ ಬರಬೇಡ’ ಎಂದರ್ಥ. ಆಗ ಫೋಟೊ ಬಿಟ್ಟು, ಎದುರು ನೋಡುತ್ತಲೇ ನಿಧಾನಕ್ಕೆ ಹಿಂದೆ ಸರಿಯಿರಿ. ಮೇಲೇರುವುದಿದ್ದರೂ ನಿಮಿಷಕ್ಕೆ 9 ಮೀಟರ್ ಮೀರಬೇಡಿ, 5 ಮೀಟರಿನಲ್ಲಿ 3 ನಿಮಿಷ ನಿಲ್ಲಿ. ಇನ್ನೊಂದು: ‘ಪರವಾಗಿಲ್ಲ’ ಎನ್ನಲು ಹೆಬ್ಬೆರಳು ಎತ್ತಬೇಡಿ, ನೀರಿನಡಿ ಅದಕ್ಕೆ ‘ಮೇಲೆ ಹೋಗೋಣ’ ಎಂದರ್ಥ.

ಇಳಿಯುವ ಮೊದಲು ನಿಮ್ಮ ಭಯವನ್ನು ಡೈವ್ ಗೈಡಿಗೆ ಹೇಳಿ. ಮುಚ್ಚಿಟ್ಟರೆ ಅವರು ನಿಮ್ಮನ್ನು ಸಾಲಿನ ಕೊನೆಗೆ ಹಾಕುತ್ತಾರೆ, ನೀವಿರಬೇಕಾದದ್ದು ಅವರ ಪಕ್ಕದಲ್ಲಿ.

ಪ್ರಶ್ನೆ: ಮುಟ್ಟಿನ ದಿನಗಳಲ್ಲಿ ಡೈವ್ ಮಾಡಿದರೆ ರಕ್ತದ ವಾಸನೆಗೆ ಶಾರ್ಕ್ ಬರುತ್ತದೆಯೇ?
– ಓದುಗರು, ಮಂಜೇಶ್ವರ

ಉತ್ತರ: ಹಾಗೆಂದು ಹೇಳಲು ಆಧಾರವಿಲ್ಲ. ಹೊಟ್ಟೆನೋವು, ಸುಸ್ತು ಇಲ್ಲದಿದ್ದರೆ ಇಳಿಯಬಹುದು. ಶಾರ್ಕನ್ನು ನಿಜಕ್ಕೂ ಕರೆಸುವುದು ಈಟಿಯಲ್ಲಿ ಚುಚ್ಚಿದ ಮೀನಿನ ಒದ್ದಾಟ ಮತ್ತು ಮೀನಿನ ತ್ಯಾಜ್ಯ. ಗಾಳದವರು ಕೂತಿರುವ ಕಡೆ, ಮೀನು ಕುಯ್ದು ಚೆಲ್ಲಿದ ಕಡೆ ಇಳಿಯಬೇಡಿ. ಅಂದಹಾಗೆ, ಆಳದಲ್ಲಿ ಬಂಡೆ ತರಚಿ ಬಂದ ರಕ್ತ ಹಸಿರಾಗಿ ಕಂಡರೆ ಗಾಬರಿ ಬೇಡ, ಕೆಂಪು ಬೆಳಕು ಅಷ್ಟು ಕೆಳಗೆ ಇಳಿಯುವುದಿಲ್ಲ.

ಪ್ರಶ್ನೆ: ಡೈವಿಗೆ ಮೊದಲು ಆತಂಕದ ಮಾತ್ರೆ ನುಂಗಬಹುದೇ?
– ಓದುಗರು, ಬದಿಯಡ್ಕ

ಉತ್ತರ: ಬೇಡ. ಮಂಪರು ತರುವ ಮಾತ್ರೆಗೆ ಆಳದ ಒತ್ತಡದಲ್ಲಿ ಗಾಳಿಯ ನೈಟ್ರೋಜನ್ ತರುವ ಮಬ್ಬೂ ಸೇರಿದರೆ ತೀರ್ಮಾನ ತಪ್ಪುತ್ತದೆ. ವೈದ್ಯರು ಬರೆದುಕೊಟ್ಟ ಮಾತ್ರೆ ದಿನವೂ ತೆಗೆದುಕೊಳ್ಳುವವರು ಅದನ್ನು ತಾವಾಗಿ ನಿಲ್ಲಿಸದೆ, ಡೈವಿಂಗ್ ಗೊತ್ತಿರುವ ವೈದ್ಯರಲ್ಲಿ ಕೇಳಿ. ದೋಣಿಯ ವಾಂತಿ ತಡೆಯುವ ಹಲವು ಮಾತ್ರೆಗಳೂ ನಿದ್ದೆ ಬರಿಸುತ್ತವೆ, ಹಿಂದಿನ ವಾರ ನೆಲದ ಮೇಲೇ ಒಮ್ಮೆ ನುಂಗಿ ನೋಡಿ.

ಪ್ರಶ್ನೆ: ಕಾಸರಗೋಡಿನ ಮೀನು ಮಾರ್ಕೆಟಿನಲ್ಲಿ ಸ್ರಾವ್ ಬರುತ್ತದಲ್ಲ, ಹಾಗಾದರೆ ಬೇಕಲದಲ್ಲಿ ಈಜುವುದು ಅಪಾಯವೇ?
– ಓದುಗರು, ಉಪ್ಪಳ

ಉತ್ತರ: ಸ್ರಾವಿನಿಂದಲ್ಲ, ಸೆಳೆತದಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಳಿಯಲೇ ಬೇಡಿ. ಉಳಿದ ತಿಂಗಳಲ್ಲೂ ಅಲೆ ಒಡೆಯದೆ ನೀರು ಸಪಾಟಾಗಿ, ಕದಡಿದಂತೆ ಕಾಣುವ ಪಟ್ಟಿಯಿಂದ ದೂರವಿರಿ, ನೀರು ಹಿಂದಕ್ಕೆ ಎಳೆಯುವುದು ಹೆಚ್ಚಾಗಿ ಅಲ್ಲೇ. ಸಿಕ್ಕಿಬಿದ್ದರೆ ದಡದ ಕಡೆಗೆ ಈಜದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದ ಮೇಲೆ ದಡಕ್ಕೆ ತಿರುಗಿ.