ಮಗಳ ಜೊತೆ ಕುಂತಿ ಬೆಟ್ಟವೋ, ಚಾಮುಂಡಿ ಮೆಟ್ಟಿಲೋ?

ಏಳು ವರ್ಷದ ಮಗಳ ಮೊದಲ ಚಾರಣಕ್ಕೆ ಯಾವುದು ಸರಿ ಅಂತ ಕೇಳಿದ್ದೀರಿ. ಕಣ್ಮುಚ್ಚಿ ಚಾಮುಂಡಿ ಬೆಟ್ಟ ಅನ್ನುತ್ತೇನೆ. ಸಾವಿರ ಚಿಲ್ಲರೆ ಮೆಟ್ಟಿಲು, ದಾರಿ ತಪ್ಪುವ ಮಾತೇ ಇಲ್ಲ. ಶುರುವಿನಲ್ಲೇ ಕಡಿದಾದ ಏರು, ಅಲ್ಲಿ ಅವಸರ ಬೇಡ. ಸುಮಾರು ಏಳುನೂರನೇ ಮೆಟ್ಟಿಲಿಗೆ ನಂದಿ ಸಿಗುತ್ತದೆ. ಒಂದೇ ಬಂಡೆಯಲ್ಲಿ ಕಡೆದದ್ದು, ಕೊರಳಿನ ಗಂಟೆಸರವೂ ಕಲ್ಲಿನದೇ. ಮಗು ಸುಸ್ತಾದರೆ ಅಲ್ಲಿಗೇ ನಿಲ್ಲಿಸಿ, ರಸ್ತೆ ಪಕ್ಕದಲ್ಲೇ ಇದೆ. ಹರಕೆಯವರು ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚಿರುತ್ತಾರೆ, ಮಳೆ ಬಿದ್ದರೆ ಜಾರುತ್ತದೆ, ಹುಷಾರು. ಬಾಳೆಹಣ್ಣು ಕೈಯಲ್ಲಿ ಹಿಡಿಯಬೇಡಿ, ಕೋತಿಗಳು ಬಿಡಲ್ಲ! ಇಳಿಯುವಾಗ ಮಂಡಿ ನೋವು ಜಾಸ್ತಿ, ಸುಮ್ನೆ ಬಸ್ ಹತ್ತಿ.

ಪಾಂಡವಪುರದ ಕುಂತಿ ಬೆಟ್ಟ ಚೆಂದವೇ. ಆದರೆ ಅದು ಬಂಡೆ ಹತ್ತುವ ಕೆಲಸ. ಅವಳು ಇನ್ನೊಂಚೂರು ದೊಡ್ಡವಳಾಗಲಿ.