ಅಂಗಿಯ ಗುಂಡಿಯೂ ಚಿಕಿತ್ಸೆಯೇ: ಆಕ್ಯುಪೇಷನಲ್ ಥೆರಪಿ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ತಂದೆಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದೆ. ಫಿಸಿಯೋಥೆರಪಿ ನಡೆಯುತ್ತಿದೆ. ಈಗ ಆಕ್ಯುಪೇಷನಲ್ ಥೆರಪಿಯನ್ನೂ ಬರೆದುಕೊಟ್ಟಿದ್ದಾರೆ. ಅಲ್ಲಿ ಅಂಗಿ ಹಾಕಿಸುವುದು, ಹಲ್ಲುಜ್ಜಿಸುವುದು ಬಿಟ್ಟರೆ ವ್ಯಾಯಾಮ ಅಂತ ಏನೂ ಕಾಣುತ್ತಿಲ್ಲ. ಇದು ನಿಜವಾಗಿ ಬೇಕೇ?

ಉತ್ತರ: ಖಂಡಿತ ಬೇಕು. ಫಿಸಿಯೋಥೆರಪಿಯಲ್ಲಿ ಮುಖ್ಯವಾಗಿ ಸ್ನಾಯುವಿನ ಬಲ, ಕೀಲಿನ ಚಲನೆ, ನಡಿಗೆಯ ಕಡೆ ಗಮನ ಇರುತ್ತದೆ. ಆಕ್ಯುಪೇಷನಲ್ ಥೆರಪಿಸ್ಟ್ ನೋಡುವುದು ಬೇರೆ: ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ಈ ವ್ಯಕ್ತಿ ಏನೇನು ಮಾಡಿಕೊಳ್ಳಬೇಕು, ಅದರಲ್ಲಿ ಯಾವುದು ಎಲ್ಲಿ ನಿಂತುಹೋಗುತ್ತಿದೆ ಎಂಬುದನ್ನು. ಅಂಗಿ ತೊಡಲು ಕೈಬಲವೊಂದೇ ಸಾಲದು. ಬೀಳದಂತೆ ಕೂರಬೇಕು, ಕಾಲರ್ ಯಾವುದು ತೋಳು ಯಾವುದು ಎಂದು ಗುರುತಿಸಬೇಕು, ಮೊದಲೇನು ಆಮೇಲೇನು ಎಂಬುದು ನೆನಪಿರಬೇಕು. ಮೆದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಬದಿಯ ಕಡೆ ಗಮನವೇ ಹೋಗುವುದಿಲ್ಲ. ತಟ್ಟೆಯ ಎಡಭಾಗದ ಊಟ ಹಾಗೇ ಉಳಿಯುತ್ತದೆ, ಕನ್ನಡಿ ಮುಂದೆ ನಿಂತರೂ ಎಡಗೆನ್ನೆಯ ಗಡ್ಡ ಹಾಗೇ ಇರುತ್ತದೆ. ಕೈ ಎತ್ತಿ ಇಳಿಸುವ ವ್ಯಾಯಾಮದಲ್ಲಿ ಮರೆಯಾಗಿರುವ ಈ ತೊಂದರೆ, ಅಂಗಿ ಕೈಗೆ ಕೊಟ್ಟ ತಕ್ಷಣ ಹೊರಬೀಳುತ್ತದೆ.

ಈ ವೃತ್ತಿಯ ಮೊದಲ ಸಂಘ ಹುಟ್ಟಿದ್ದು 1917ರ ಮಾರ್ಚ್‌ನಲ್ಲಿ, ಅಮೆರಿಕದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಜಾರ್ಜ್ ಬಾರ್ಟನ್ ವೈದ್ಯರಲ್ಲ, ವಾಸ್ತುಶಿಲ್ಪಿ. ಕ್ಷಯದಿಂದಲೂ ಎಡಭಾಗದ ಪಾರ್ಶ್ವವಾಯುವಿನಿಂದಲೂ ನರಳಿ, ಕೈಗೆಲಸದ ಮೂಲಕವೇ ಚೇತರಿಸಿಕೊಂಡವರು. ಅವರ ಜೊತೆಗಿದ್ದ ಎಲೀನರ್ ಕ್ಲಾರ್ಕ್ ಸ್ಲೇಗಲ್, ಮಾನಸಿಕ ರೋಗಿಗಳ ಇಡೀ ದಿನವನ್ನೇ ಒಂದು ದಿನಚರಿಗೆ ತಂದು ಅಭ್ಯಾಸಗಳನ್ನು ಮರಳಿ ಕಟ್ಟುವ ತರಬೇತಿ ರೂಪಿಸಿದರು. 1922ರಲ್ಲಿ ಮನೋವೈದ್ಯ ಅಡಾಲ್ಫ್ ಮೇಯರ್ ಕೆಲಸ, ಆಟ, ವಿಶ್ರಾಂತಿ, ನಿದ್ದೆ ಈ ನಾಲ್ಕರ ಸಮತೋಲನವೇ ಆರೋಗ್ಯದ ಆಧಾರ ಎಂದು ಬರೆದರು. ನಿಮ್ಮ ತಂದೆಗೆ ಹಲ್ಲುಜ್ಜಿಸುವುದರ ಹಿಂದೆ ಈ ಇಡೀ ಚಿಂತನೆ ಇದೆ.

ಪ್ರಶ್ನೆ: ಆಕ್ಯುಪೇಷನಲ್ ಥೆರಪಿ ಸಹಾಯಕರ ಕೋರ್ಸ್‌ಗೆ ಸೇರಿದ್ದೇನೆ. ಥೆರಪಿಸ್ಟ್ ಕೆಲಸಕ್ಕೂ ನಮ್ಮ ಕೆಲಸಕ್ಕೂ ಗೆರೆ ಎಲ್ಲಿದೆ?

ಉತ್ತರ: ಪರೀಕ್ಷಿಸಿ ಫಲಿತಾಂಶಕ್ಕೆ ಅರ್ಥ ಹಚ್ಚುವುದು, ಗುರಿ ನಿಗದಿ ಮಾಡುವುದು, ಚಿಕಿತ್ಸಾ ಯೋಜನೆ ಬರೆಯುವುದು, ಯಾವಾಗ ನಿಲ್ಲಿಸಬೇಕೆಂದು ತೀರ್ಮಾನಿಸುವುದು ಥೆರಪಿಸ್ಟ್ ಹೊಣೆ. ಆ ಯೋಜನೆಯಂತೆ ರೋಗಿಯ ಜೊತೆ ಕೂತು ಕೆಲಸ ಮಾಡಿಸುವುದು, ಸಲಕರಣೆ ಬಳಸಲು ಕಲಿಸುವುದು, ಮನೆಯವರಿಗೆ ಹೇಳಿಕೊಡುವುದು, ಕಂಡದ್ದನ್ನು ದಾಖಲಿಸಿ ವರದಿ ಮಾಡುವುದು ಸಹಾಯಕರದು. ಯೋಜನೆಯ ಚೌಕಟ್ಟಿನೊಳಗೆ ಚಟುವಟಿಕೆಯನ್ನು ಅಂದಿನ ಸ್ಥಿತಿಗೆ ತಕ್ಕಂತೆ ಸುಲಭವೋ ಕಷ್ಟವೋ ಮಾಡಬಹುದು, ಗುರಿಯನ್ನೇ ಬದಲಿಸುವಂತಿಲ್ಲ. ಮೇಲ್ವಿಚಾರಣೆ ಎಷ್ಟಿರಬೇಕು ಎಂಬ ನಿಯಮ ದೇಶದಿಂದ ದೇಶಕ್ಕೆ ಬೇರೆ, ನೀವು ಕೆಲಸ ಮಾಡುವ ಕಡೆಯದನ್ನು ಲಿಖಿತವಾಗಿ ಕೇಳಿ ಇಟ್ಟುಕೊಳ್ಳಿ. ಸಾಮಾನು ಜೋಡಿಸಿ, ಒರೆಸಿ, ರೋಗಿಯನ್ನು ಕರೆತರುವ ಆಯಾಗಳ ಕೆಲಸ ಇವೆರಡಕ್ಕಿಂತ ಬೇರೆ. ನಿಮಗೆ ಒಪ್ಪಿಸಿದ ಚಿಕಿತ್ಸೆಯನ್ನು ಅವರ ಕೈಗೆ ದಾಟಿಸಬಾರದು.

ಸಹಾಯಕರ ಬೆಲೆ ಗೊತ್ತಾಗುವುದು ವರದಿಯಲ್ಲಿ. ಥೆರಪಿಸ್ಟ್ ಕಣ್ಣಿಗೆ ಬೀಳದ ಹೊತ್ತಿನಲ್ಲೂ ರೋಗಿಯ ಪಕ್ಕದಲ್ಲಿರುವವರು ನೀವು. 'ಇವತ್ತು ಚೆನ್ನಾಗಿ ಸ್ಪಂದಿಸಿದರು' ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: 'ಮಂಚದ ಅಂಚಿನಲ್ಲಿ ಆಸರೆಯಿಲ್ಲದೆ 10 ನಿಮಿಷ ಕೂತರು. ಅಂಗಿ ತೊಡಲು 14 ನಿಮಿಷ. ಎಡತೋಳು ಹುಡುಕಲು 3 ಸಲ ಮಾತಿನ ಸೂಚನೆ. 6 ಗುಂಡಿಗಳಲ್ಲಿ ಮೇಲಿನ 2ಕ್ಕೆ ಕೈಸಹಾಯ.' ಸಹಾಯದ ಪ್ರಮಾಣಕ್ಕೂ ಅಳತೆ ಇದೆ. ಶ್ರಮದಲ್ಲಿ 75 ಶೇಕಡಾ ಅಥವಾ ಹೆಚ್ಚು ರೋಗಿಯದೇ ಆದರೆ ಕನಿಷ್ಠ ಸಹಾಯ, 50ರಿಂದ 74 ಆದರೆ ಮಧ್ಯಮ, 25ರಿಂದ 49 ಆದರೆ ಗರಿಷ್ಠ, ಅದಕ್ಕೂ ಕಡಿಮೆಯಾದರೆ ಪೂರ್ಣ ಸಹಾಯ.

ಕೆಲಸ ಅಲ್ಲೇ ನಿಲ್ಲಿಸಿ ಹೇಳಬೇಕಾದವೂ ಇವೆ. ಮಲಗಿದ್ದವರು ಎದ್ದಾಗ ರಕ್ತದೊತ್ತಡದ ಮೇಲಿನ ಅಂಕಿ 20 ಇಳಿದು ತಲೆ ಸುತ್ತಿದರೆ, ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ, ಎದೆನೋವು ಬಂದರೆ, ನಿನ್ನೆ ಇಲ್ಲದ ತೊದಲು ಇವತ್ತು ಕಂಡರೆ, 'ಇನ್ನೈದು ನಿಮಿಷ ಮುಗಿಸಿಬಿಡೋಣ' ಎನ್ನಬೇಡಿ.

ಪ್ರಶ್ನೆ: ಯಜಮಾನರಿಗೂ ಎಡಗೈ ಬಿದ್ದುಹೋಗಿದೆ. ಅಂಗಿ ಹಾಕಿಕೊಳ್ಳಲು ಅವರನ್ನೇ ಬಿಟ್ಟರೆ ಮುಕ್ಕಾಲು ಗಂಟೆ ಬೇಕು. ಪಾಪ ಅನ್ನಿಸಿ ನಾನೇ ಹಾಕಿಬಿಡುತ್ತೇನೆ. ಸಹಾಯಕಿ ಬಂದಾಗ ಬೈಯುತ್ತಾರೆ. ತಪ್ಪೇ?

ಉತ್ತರ: ನಿಮ್ಮ ಕನಿಕರ ತಪ್ಪಲ್ಲ. ಆದರೆ ಪೂರ್ತಿ ನೀವೇ ಮಾಡುವುದಕ್ಕೂ ಪೂರ್ತಿ ಅವರಿಗೇ ಬಿಡುವುದಕ್ಕೂ ನಡುವೆ ದಾರಿ ಇದೆ.

ಮೊದಲು ಕ್ರಮ. ಕೈಯಿರುವ ಗಟ್ಟಿ ಕುರ್ಚಿಯಲ್ಲಿ, ಪಾದ ಎರಡೂ ನೆಲಕ್ಕೆ ಊರಿರುವಂತೆ ಕೂರಿಸಿ. ಮಂಚದ ಮೆತ್ತೆ ಬೇಡ, ಕೂತಲ್ಲೇ ವಾಲುತ್ತಾರೆ. ಅಂಗಿಯ ಒಳಮೈ ಮೇಲೆ, ಕಾಲರ್ ಹೊಟ್ಟೆಯ ಕಡೆ ಬರುವಂತೆ ತೊಡೆಯ ಮೇಲೆ ಹರಡಿ. ಎಡತೋಳಿನ ಬಾಯಿ ಅಗಲ ಮಾಡಿ ಎಡಗೈ ಪಕ್ಕಕ್ಕೇ ತನ್ನಿ. ಬಲಗೈಯಿಂದ ಎಡಗೈಯನ್ನು ಅದರೊಳಗೆ ಇಳಿಸಿ, ಬಟ್ಟೆಯನ್ನು ಮೊಣಕೈ ದಾಟಿಸಿ ಭುಜದ ತನಕ ಎಳೆದುಕೊಳ್ಳಲಿ. ಹೆಚ್ಚಿನವರು ಸೋಲುವುದು ಇಲ್ಲೇ. ತೋಳು ಮೊಣಕೈ ದಾಟದೆ ಕೆಳಗೇ ಉಳಿದರೆ, ಮುಂದೆ ಕಾಲರ್ ಹಿಡಿದು ಬೆನ್ನ ಹಿಂದೆ ತರುವಾಗ ಇಡೀ ಅಂಗಿ ಜಾರಿ ಬರುತ್ತದೆ, ಮತ್ತೆ ಮೊದಲಿಂದ ಶುರು. ಭುಜಕ್ಕೆ ಬಂದ ಮೇಲೆ ಕಾಲರನ್ನು ಕತ್ತಿನ ಹಿಂದಿನಿಂದ ಬಲಕ್ಕೆ ತಂದು ಬಲಗೈ ತೂರಿಸಬೇಕು. ಗುಂಡಿಗಳನ್ನು ಕೆಳಗಿನಿಂದ ಶುರುಮಾಡಲಿ. ಅಲ್ಲಿ ಎರಡೂ ಅಂಚು ಕಣ್ಣಿಗೆ ಕಾಣುತ್ತವೆ, ಹೆಚ್ಚುಕಮ್ಮಿ ಆಗುವುದಿಲ್ಲ. ಬಿಚ್ಚುವಾಗ ಉಲ್ಟಾ: ಗಟ್ಟಿಯಿರುವ ಕೈ ಮೊದಲು, ಸೋತ ಕೈ ಕೊನೆಗೆ.

ಈಗ ಹಂಚಿಕೆ. ಮೊದಲ ಕೆಲವು ದಿನ ನೀವೇ ಎಲ್ಲ ಮಾಡಿ ಕೊನೆಯ ಗುಂಡಿ ಮಾತ್ರ ಅವರಿಗೆ ಬಿಡಿ. ಅದು ಸಲೀಸಾದ ಮೇಲೆ ಕೊನೆಯ ಎರಡು, ಆಮೇಲೆ ಗುಂಡಿಯೆಲ್ಲ, ಆಮೇಲೆ ಬಲತೋಳು. ಹೀಗೆ ಹಿಂದಿನಿಂದ ಮುಂದಕ್ಕೆ ಬಂದರೆ ಪ್ರತಿದಿನವೂ ಕೆಲಸ ಮುಗಿಸಿದವರು ಅವರೇ ಆಗಿರುತ್ತಾರೆ. ತಡವರಿಸಿದಾಗ ಕೈ ಹಾಕುವ ಮುಂಚೆ ಮನಸ್ಸಿನಲ್ಲೇ ಹತ್ತು ಎಣಿಸಿ. ಪೆಟ್ಟಾದ ಮೆದುಳಿಗೆ ಆ ಹೊತ್ತು ಬೇಕು. ಆಗಲೂ ಆಗದಿದ್ದರೆ ಬೆರಳು ತೋರಿಸಿ, ಆಮೇಲೆ ಒಂದೇ ಮಾತಿನಲ್ಲಿ ಹೇಳಿ, ಆಮೇಲೆ ಮುಟ್ಟಿ. ಕೈಹಿಡಿದು ಮಾಡಿಸುವುದು ಎಲ್ಲಕ್ಕಿಂತ ಕೊನೆಗೆ. ಒಂದು ಸೈಜು ದೊಡ್ಡ ಅಂಗಿ ತನ್ನಿ. ಗುಂಡಿಯ ಜಾಗದಲ್ಲಿ ವೆಲ್ಕ್ರೋ ಹೊಲಿಸಿದರೂ ನಡೆಯುತ್ತದೆ. ಆತುರವಿರುವ ದಿನ ಪ್ಯಾಂಟು ನೀವೇ ಹಾಕಿ, ಅಂಗಿ ಅವರಿಗೆ ಬಿಡಿ. ಎಲ್ಲವನ್ನೂ ಒಬ್ಬರೇ ಮಾಡಿಕೊಂಡು ಸುಸ್ತಾಗಿ ಊಟಕ್ಕೂ ಏಳದಂತಾದರೆ ಆ ಸ್ವಾವಲಂಬನೆಯಿಂದ ಏನು ಬಂತು?

ಒಂದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ: ಸೋತ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಎಳೆಯುವುದು. ಸ್ನಾಯುವಿನ ಬಿಗಿಯಿಲ್ಲದ ಭುಜದ ಕೀಲು ಸುಲಭವಾಗಿ ಸಡಿಲಗೊಳ್ಳುತ್ತದೆ. ಆ ನೋವು ಬಂತೆಂದರೆ ಚಿಕಿತ್ಸೆ ತಿಂಗಳುಗಟ್ಟಲೆ ಹಿಂದೆ ಬೀಳುತ್ತದೆ.

ಪ್ರಶ್ನೆ: ವೀಲ್‌ಚೇರಿನಿಂದ ಮಂಚಕ್ಕೆ ದಾಟಿಸುವಾಗ ಅತ್ತೆಯವರು ಎರಡು ಸಲ ಜಾರಿದರು. ಕಂಕುಳಲ್ಲಿ ಕೈ ಕೊಟ್ಟೇ ಎತ್ತುತ್ತೇನೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಎತ್ತುವುದರಲ್ಲೇ ತಪ್ಪುತ್ತಿದೆ. ಅವರನ್ನು ಮುಂದಕ್ಕೆ ಬಾಗಿಸಬೇಕು, ಆಗ ದೇಹದ ಭಾರ ತಾನಾಗಿ ಪಾದಕ್ಕೆ ಬರುತ್ತದೆ. ಅವರ ಗಟ್ಟಿ ಬದಿ ಮಂಚದ ಕಡೆ ಬರುವಂತೆ ಕುರ್ಚಿಯನ್ನು 30ರಿಂದ 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ಎರಡೂ ಬ್ರೇಕ್ ಹಾಕಿ ಕುರ್ಚಿಯನ್ನು ಒಮ್ಮೆ ಅಲುಗಾಡಿಸಿ ನೋಡಿ. ಟೈರಿನ ಗಾಳಿ ಕಡಿಮೆಯಾಗಿದ್ದರೆ ಬ್ರೇಕ್ ಹಿಡಿದಂತೆ ಕಂಡರೂ ಚಕ್ರ ಉರುಳುತ್ತದೆ. ಕಾಲಿಡುವ ಹಲಗೆಗಳನ್ನು ಮಡಚಿ. ಅವರು ಸೊಂಟ ಜರುಗಿಸಿ ಸೀಟಿನ ಅಂಚಿಗೆ ಬರಲಿ, ಪಾದಗಳು ಮಂಡಿಗಿಂತ ತುಸು ಹಿಂದಿರಲಿ. ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಬಾಗಿದ ಮೇಲೆಯೇ ಏಳಲು ಹೇಳಿ. ನೀವು ಸೋತ ಮಂಡಿಗೆ ನಿಮ್ಮ ಮಂಡಿ ಆನಿಸಿ, ಸೊಂಟದ ಪಟ್ಟಿ ಹಿಡಿಯಿರಿ. ಅವರು ನಿಮ್ಮ ಕತ್ತು ಹಿಡಿಯಲು ಬಿಡಬೇಡಿ. ಹಾಗೆ ಹಿಡಿದರೆ ಬಾಗಲಾಗುವುದಿಲ್ಲ, ಬಿದ್ದರೆ ಇಬ್ಬರೂ ಬೀಳುತ್ತೀರಿ. ಮಂಚ ಕುರ್ಚಿಗಿಂತ ಎತ್ತರವಿದ್ದರೆ ಮೊದಲು ಅದನ್ನು ಸರಿಮಾಡಿಸಿ.

ಪ್ರಶ್ನೆ: ತರಬೇತಿಯಲ್ಲಿರುವ ಸಹಾಯಕ ನಾನು. ಮಣಿ ಪೋಣಿಸಲು ಕೊಟ್ಟರೆ ಒಬ್ಬ ಹಿರಿಯರು 'ನಾನೇನು ಮಗುವೇ' ಎಂದು ತಳ್ಳಿಬಿಟ್ಟರು.

ಉತ್ತರ: ಅವರ ಮಾತಿನಲ್ಲಿ ನ್ಯಾಯವಿದೆ. ಬೆರಳ ತುದಿಯ ಹಿಡಿತ ಮತ್ತು ಎರಡೂ ಕೈಗಳ ಹೊಂದಾಣಿಕೆ ನಿಮಗೆ ಬೇಕಾದದ್ದು. ಅದು ಮಣಿಯಲ್ಲೇ ಸಿಗಬೇಕೆಂದಿಲ್ಲ. ಅವರು ಮುಂಚೆ ಏನು ಮಾಡುತ್ತಿದ್ದರು, ಈಗ ಯಾವುದು ಆಗದೆ ಬೇಸರವಾಗುತ್ತಿದೆ ಎಂದು ಕೇಳಿ. ಮೊಳೆ, ನಟ್ಟು, ಬೋಲ್ಟು ವಿಂಗಡಿಸುವುದರಲ್ಲಿ, ಬೀಗಕ್ಕೆ ಕೀಲಿ ತಿರುಗಿಸುವುದರಲ್ಲಿ, ಚಿಲ್ಲರೆ ಎಣಿಸಿ ಪರ್ಸಿಗೆ ಹಾಕುವುದರಲ್ಲಿ ಅದೇ ಹಿಡಿತ ಇದೆ. ದೊಡ್ಡ ಬೋಲ್ಟಿನಿಂದ ಚಿಕ್ಕದಕ್ಕೆ, ಕೂತು ಮಾಡುವುದರಿಂದ ನಿಂತು ಮಾಡುವುದಕ್ಕೆ ಏರಿಸುತ್ತಾ ಹೋಗಿ. ಯಾಕೆ ಮಾಡಿಸುತ್ತಿದ್ದೀರಿ ಎಂಬುದನ್ನು ಶುರುವಿನಲ್ಲೇ ಅವರಿಗೆ ಹೇಳಿಬಿಡಿ.

ಪ್ರಶ್ನೆ: ಕೈಗೆ ಕೊಟ್ಟಿರುವ ಪ್ಲಾಸ್ಟಿಕ್ ಸ್ಪ್ಲಿಂಟ್ ಬಿಚ್ಚಿದಾಗ ಚರ್ಮ ಕೆಂಪಾಗಿರುತ್ತದೆ. ಹಾಕಿಕೊಳ್ಳಬಹುದೇ?

ಉತ್ತರ: ಬಿಚ್ಚಿದ ಮೇಲೆ 20 ನಿಮಿಷದೊಳಗೆ ಕೆಂಪು ಮಾಯವಾದರೆ ತೊಂದರೆಯಿಲ್ಲ. ಆಮೇಲೂ ಉಳಿದರೆ, ಅದರಲ್ಲೂ ಮಣಿಕಟ್ಟಿನ ಹೊರಬದಿಯ ಮೂಳೆಯ ಉಬ್ಬಿನ ಮೇಲೆ ಉಳಿದರೆ, ಧರಿಸುವುದನ್ನು ನಿಲ್ಲಿಸಿ ಥೆರಪಿಸ್ಟ್‌ಗೆ ತೋರಿಸಿ. ಒಳಗೆ ಹತ್ತಿ ತುರುಕಬೇಡಿ, ಒತ್ತಡ ಇನ್ನೂ ಹೆಚ್ಚುತ್ತದೆ. ಸ್ಪರ್ಶಜ್ಞಾನ ಕಡಿಮೆಯಿದ್ದರೆ ನೋವು ಗೊತ್ತಾಗುವುದಿಲ್ಲ, ಪ್ರತಿಸಲ ಕಣ್ಣಿಂದಲೇ ನೋಡಬೇಕು. ಈ ಪ್ಲಾಸ್ಟಿಕ್ ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಮೆತ್ತಗಾಗುವಂಥದ್ದು. ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಮಾತ್ರ ತೊಳೆಯಿರಿ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ.